ತಂದೆಗಿಂತ ಮುಂಚೆ ಸತ್ತ ಮಗನ ಪಾಲು

ತಂದೆಗಿಂತ ಮುಂಚೆ ಮಗನು ತೀರಿಕೊಂಡರೆ, ಆ ಮಗನ ಮಕ್ಕಳಿಗೆ ಅಜ್ಜನ ಆಸ್ತಿಯಲ್ಲಿ ಪಾಲುಂಟೆ? ಅಘನಾಶಿನಿಯು ಕಡಲನ್ನು ಕೂಡುವ ಕುಮಟಾ ಸೀಮೆಯಿಂದ ಹೊನ್ನಾವರ, ಭಟ್ಕಳಗಳವರೆಗಿನ ಕಿರಿದಾದ ಕರಾವಳಿಯಲ್ಲಿ ಈ ಪ್ರಶ್ನೆಗೆ ದೊರೆಯುವ ಉತ್ತರವು ಒಂದೇ ಅಲ್ಲವೆಂಬುದನ್ನು ನಾವು ಕಾಣುತ್ತೇವೆ.

ಹಿಂದೂ ಮನೆತನಗಳಲ್ಲಿ ಬಹುಮಟ್ಟಿಗೆ ನಡೆದುಬಂದದ್ದು ಮಿತಾಕ್ಷರದ ಕ್ರಮ. ಈ ಗ್ರಂಥವು ನಮ್ಮ ನಾಡಿನದೇ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ವ್ಯಾಖ್ಯಾನವಿದು. ಇದರಂತೆ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಅವನಿಲ್ಲದಿದ್ದರೆ ಅವನ ಗಂಡುಮಕ್ಕಳು ಅವನ ಸ್ಥಾನದಲ್ಲಿ ನಿಲ್ಲುವರು. ಒಬ್ಬನಿಗೆ ಇಬ್ಬರು ಗಂಡುಮಕ್ಕಳು. ಹಿರಿಯನು ಮೂವರು ಹುಡುಗರನ್ನು ಬಿಟ್ಟು ತೀರಿಕೊಂಡನೆನ್ನೋಣ. ಆಗ ಆಸ್ತಿಯು ನಾಲ್ಕು ಪಾಲಾಗದು, ಎರಡೇ ಆಗುವುದು: ಕಿರಿಯ ಮಗನಿಗೆ ಅರ್ಧ, ಹುಡುಗರಿಗೆ ಕೂಡಿ ಅರ್ಧ, ಎಂದರೆ ತಲಾ ಆರರಲ್ಲೊಂದು. ಇಲ್ಲಿ ಎಣಿಸುವುದು ತಲೆಗಳನ್ನಲ್ಲ, ವಂಶದ ಕವಲುಗಳನ್ನು. ಆದರೆ ಆ ಹುಡುಗರ ತಾಯಿಗೂ ಅಕ್ಕತಂಗಿಯರಿಗೂ ಪೋಷಣೆಯ ಹೊರತು ಪಾಲಿರಲಿಲ್ಲ. 1937ರ ಶಾಸನವು ವಿಧವೆಗೆ ಜೀವಾವಧಿಯ ಪಾಲನ್ನು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಶಾಸನವು ಮೃತನ ಹೆಣ್ಣುಮಕ್ಕಳನ್ನೂ, ಮೊದಲೇ ತೀರಿಕೊಂಡ ಮಗಳ ಮಕ್ಕಳನ್ನೂ ವಾರಸುದಾರರನ್ನಾಗಿ ಮಾಡಿತು. ಕ್ರೈಸ್ತರಿಗೆ ಅನ್ವಯಿಸುವ 1925ರ ಶಾಸನವೂ ಕವಲನ್ನೇ ಎಣಿಸುವುದು.

ಭಟ್ಕಳದ ನವಾಯತರದು ಶಾಫಿ ಪಂಥ. 14ನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತನು ಅಲ್ಲಿನ ಮುಸಲ್ಮಾನರೂ ಶಾಫಿಗಳೆಂದೇ ಬರೆದಿರುವನು. ಈ ನ್ಯಾಯದಲ್ಲಿ ಹುಟ್ಟಿನಿಂದ ಬರುವ ಹಕ್ಕಿಲ್ಲ. ಒಡೆಯನು ಕಣ್ಮುಚ್ಚಿದ ಮೇಲೆಯೇ ಹಕ್ಕು ಹುಟ್ಟುವುದು, ಸಮೀಪದ ಬಂಧುವು ದೂರದವನನ್ನು ತಡೆಯುವನು. ಆದುದರಿಂದ ಚಿಕ್ಕಪ್ಪನೋ ದೊಡ್ಡಪ್ಪನೋ ಬದುಕಿದ್ದರೆ ತಂದೆಯಿಲ್ಲದ ಮೊಮ್ಮಕ್ಕಳಿಗೆ ವಾರಸಿನ ಪಾಲಿಲ್ಲ. ಅಜ್ಜನಿಗೆ ಎರಡು ದಾರಿಗಳುಂಟು: ತಾನಿರುವಾಗಲೇ ದಾನ, ಇಲ್ಲವೆ ಆಸ್ತಿಯ ಮೂರರಲ್ಲೊಂದಂಶವನ್ನು ಮೀರದ ವಸಿಯತ್ತು. ಈಜಿಪ್ತವು 1946ರಲ್ಲಿ ಇಂಥ ವಸಿಯತ್ತನ್ನು ಕಡ್ಡಾಯಮಾಡಿತು; ಪಾಕಿಸ್ತಾನವು 1961ರಲ್ಲಿ ಮೊಮ್ಮಕ್ಕಳಿಗೆ ಅವರ ತಂದೆಯ ಪಾಲನ್ನೇ ಕೊಟ್ಟಿತು. ನಮ್ಮ ಕರಾವಳಿಯಲ್ಲಿ ಅದು ಅಜ್ಜನ ಮನಸ್ಸಿಗೇ ಬಿಟ್ಟ ವಿಷಯವಾಗಿದೆ.

ಇದರಿಂದ ಒಂದು ಕ್ರಮವು ಮೇಲು, ಇನ್ನೊಂದು ಕೀಳು ಎನ್ನಲಾಗದು. ಮಗಳಿಗೆ ಮೊದಲಿನಿಂದಲೂ ಗೊತ್ತಾದ ಪಾಲನ್ನು ಕೊಟ್ಟ ಶರೀಅತ್ತು ತಬ್ಬಲಿ ಮೊಮ್ಮಗನನ್ನು ಅಜ್ಜನ ವಿವೇಕಕ್ಕೆ ಒಪ್ಪಿಸಿತು. ಆ ಮೊಮ್ಮಗನನ್ನು ಕಾಪಾಡಿದ ಮಿತಾಕ್ಷರವು ಅವನ ತಾಯಿಯನ್ನು ಶತಮಾನಗಳ ಕಾಲ ಪಾಲಿನಿಂದ ದೂರವಿಟ್ಟಿತ್ತು. ಯಾವ ಮತದವರೇ ಆಗಲಿ, ಮಗನನ್ನು ಕಳೆದುಕೊಂಡ ಹಿರಿಯರು ಅವನ ಮಕ್ಕಳ ವ್ಯವಸ್ಥೆಯನ್ನು ನಾಳೆಗೆ ತಳ್ಳದಿರುವುದು ಲೇಸು.