ಮನೆಯಲ್ಲಿ ಮಾಡಿ ಮಾರುವ ಸೋಪು: ಸಾಮಗ್ರಿ, ಕಾನೂನು, ಪ್ರಾಮಾಣಿಕತೆ

ಮನೆಯಲ್ಲೇ ಸೋಪು, ಸ್ನಾನದ ಪುಡಿ, ಮೈಗೆ ಹಚ್ಚುವ ಎಣ್ಣೆ ತಯಾರಿಸಿ ಮೇಳಗಳಲ್ಲಿ, ವಾಟ್ಸಾಪಿನಲ್ಲಿ ಮಾರುವವರು ಈಗ ಊರೂರಲ್ಲೂ ಇದ್ದಾರೆ. ಹೆಚ್ಚಿನವರು ಮಹಿಳೆಯರು, ಸ್ವಂತ ದುಡಿಮೆಯ ಮೇಲೆ ನಿಂತವರು. ಅವರ ಶ್ರಮಕ್ಕೆ ಗೌರವ ಸಲ್ಲಲೇಬೇಕು. ಆದರೆ ಮೈಗೆ ತಾಗುವ ವಸ್ತುವಿನ ಹೊಣೆ ಕಾರ್ಖಾನೆ ದೊಡ್ಡದಿದ್ದರೂ ಅಡುಗೆಮನೆ ಚಿಕ್ಕದಿದ್ದರೂ ಒಂದೇ.

ಕಾಸ್ಟಿಕ್ ಸೋಡಾದ ಮಾತು

‘ಕೆಮಿಕಲ್ ಇಲ್ಲದ ಸೋಪು’ ಎಂಬ ಬರಹ ಎಲ್ಲೆಡೆ ಕಾಣುತ್ತದೆ. ಅದು ನಿಜವಲ್ಲ. ಎಣ್ಣೆಗೆ ಕ್ಷಾರ ಸೇರದೆ ಸೋಪು ಆಗುವುದೇ ಇಲ್ಲ. ಒಂದು ಕಿಲೋ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಎಣ್ಣೆ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಸೋಡಾ ಹೆಚ್ಚಾದರೆ ಚರ್ಮ ಉರಿಯುತ್ತದೆ. ಅದಕ್ಕೇ ಬಲ್ಲವರು ಲೆಕ್ಕಕ್ಕಿಂತ ಶೇ. 5ರಷ್ಟು ಕಡಿಮೆ ಹಾಕಿ, ಕತ್ತರಿಸಿದ ಸೋಪನ್ನು ನಾಲ್ಕರಿಂದ ಆರು ವಾರ ಗಾಳಿಗೆ ಒಣಗಿಸುತ್ತಾರೆ. ಹೀಗೆ ಮಾಡಿದ ಸೋಪಿನಲ್ಲಿ ಸೋಡಾ ಉಳಿಯುವುದಿಲ್ಲ, ಗ್ಲಿಸರಿನ್ ಉಳಿಯುತ್ತದೆ. ಇದನ್ನೇ ಗಿರಾಕಿಗೆ ಬಿಡಿಸಿ ಹೇಳಬಹುದಲ್ಲ, ಮುಚ್ಚಿಡುವುದೇಕೆ?

ಸಿದ್ಧ ಸೋಪ್ ಬೇಸ್ ತಂದು ಕರಗಿಸಿ, ಬಣ್ಣ ಸುವಾಸನೆ ಬೆರೆಸಿ ಅಚ್ಚಿಗೆ ಹೊಯ್ಯುವುದೂ ತಪ್ಪಲ್ಲ. ಬೇಸಿನೊಳಗೆ ಇರುವುದನ್ನು ಲೇಬಲ್‌ನಲ್ಲಿ ಬರೆಯದಿರುವುದು ತಪ್ಪು.

ಪರವಾನಗಿ

1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆ, ಅದರಡಿಯ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಮಾರಾಟಕ್ಕೆಂದು ತಯಾರಿಸಲು ರಾಜ್ಯದ ಪರವಾನಗಿ ಬೇಕು. ತಯಾರಿಕೆಯ ಮೇಲ್ವಿಚಾರಣೆಗೆ ಫಾರ್ಮಸಿ ಡಿಪ್ಲೊಮಾ ಆದವರು ಅಥವಾ ಕನಿಷ್ಠ ಪಿಯುಸಿ ಮಟ್ಟದಲ್ಲಿ ರಸಾಯನಶಾಸ್ತ್ರ ಓದಿದವರು ಇರಬೇಕು. ಸ್ವಂತ ಜಾಗವಿಲ್ಲದವರು ಪರವಾನಗಿಯುಳ್ಳ ಬೇರೆಯವರ ಘಟಕದಲ್ಲಿ ತಯಾರಿಸುವ ‘ಲೋನ್ ಲೈಸೆನ್ಸ್’ ವ್ಯವಸ್ಥೆಯೂ ಇದೆ. ‘ಆಯುರ್ವೇದಿಕ್’ ಎಂದು ಮಾರುವುದಾದರೆ ಪರವಾನಗಿಯೇ ಬೇರೆ. ಇಸುಬು, ಸೋರಿಯಾಸಿಸ್ ವಾಸಿಯಾಗುತ್ತದೆ ಎಂದು ಬರೆದರಂತೂ ಆ ಸೋಪು ಕಾನೂನಿನ ಕಣ್ಣಿಗೆ ಔಷಧ.

ಲೇಬಲ್

ತಯಾರಕರ ವಿಳಾಸ, ಬ್ಯಾಚ್ ನಂಬರ್ (ಸೋಪಿಗಾದರೆ ಅದರ ಬದಲು ತಯಾರಿಸಿದ ತಿಂಗಳು, ವರ್ಷ), ಪರವಾನಗಿ ಸಂಖ್ಯೆ, ಬಳಸಬೇಕಾದ ಕೊನೆಯ ದಿನ, ತೂಕ, ಗರಿಷ್ಠ ಬೆಲೆ ಇರಬೇಕು. ಸಾಮಗ್ರಿಗಳನ್ನು ಹೆಚ್ಚಿರುವುದರಿಂದ ಕಡಿಮೆಯಿರುವುದಕ್ಕೆ ಕ್ರಮವಾಗಿ ಬರೆಯಬೇಕು. ಚಿಟಿಕೆ ಕೇಸರಿ ಹಾಕಿ ‘ಕೇಸರಿ ಸೋಪು’ ಎಂದು ಕರೆದವರ ಪಟ್ಟಿಯಲ್ಲಿ ಕೇಸರಿ ಎಲ್ಲಿದೆ ನೋಡಿ, ಪ್ರಮಾಣ ತಿಳಿಯುತ್ತದೆ. ಲವಂಗ, ದಾಲ್ಚಿನ್ನಿ ಎಣ್ಣೆಗಳಂಥ ‘ನೈಸರ್ಗಿಕ’ ವಸ್ತುಗಳಿಂದಲೂ ಕೆಲವರಿಗೆ ಅಲರ್ಜಿಯಾಗುತ್ತದೆ. ಪಟ್ಟಿ ಪೂರ್ತಿಯಾಗಿದ್ದರೆ ಮಾತ್ರ ಅಂಥವರು ದೂರವಿರಬಲ್ಲರು.

ಬಣ್ಣಕ್ಕೆ ಅನುಮತಿಸಿದ ಪಟ್ಟಿ ಭಾರತೀಯ ಮಾನಕ ಐಎಸ್ 4707ರಲ್ಲಿದೆ. ಮೇಣದ ಬತ್ತಿಯ ಬಣ್ಣವನ್ನು ಸೋಪಿಗೆ ಹಾಕುವುದು ಅಪಾಯಕ್ಕೆ ಕರೆ. ಸೀಸ, ಆರ್ಸೆನಿಕ್ ಇರುವ ಬಣ್ಣಗಳಿಗಂತೂ ನಿಷೇಧವಿದೆ.

ಕಾನೂನು ಕೇಳದ ಪ್ರಶ್ನೆಗಳು

ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ 2014ರಲ್ಲೇ ನಿಷೇಧಿಸಿದೆ. ಹಾಗಾಗಿ ಇಲ್ಲಿ ಮಾಡಿದ ಸೋಪಿನ ಮೇಲೆ ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ ಎಂಬುದನ್ನೇ ವಿಶೇಷವೆಂದು ಅಚ್ಚುಹಾಕುವುದು ಬರೀ ಮೆರುಗು. ಅದಕ್ಕಿಂತ ದೊಡ್ಡ ಪ್ರಶ್ನೆ ಸೋಪಿಗೆ ಮಿಂಚು ಕೊಡುವ ಮೈಕಾ, ಅಂದರೆ ಕಾಗೆಬಂಗಾರದ್ದು. ಜಾರ್ಖಂಡ್, ಬಿಹಾರದ ಗಣಿ ಪ್ರದೇಶಗಳಲ್ಲಿ ಮಕ್ಕಳು ಅದನ್ನು ಆಯುತ್ತಾರೆ, ಕುಸಿದ ಗುಂಡಿಗಳಲ್ಲಿ ಪ್ರಾಣ ಬಿಟ್ಟದ್ದೂ ಉಂಟು. ಪುಡಿ ಎಲ್ಲಿಂದ ಬಂತೆಂದು ಕೇಳಿದರೆ ಚಿಲ್ಲರೆ ಅಂಗಡಿಯವರಿಗೆ ಸಾಮಾನ್ಯವಾಗಿ ಉತ್ತರ ಗೊತ್ತಿರುವುದಿಲ್ಲ. ಪ್ರಯೋಗಾಲಯದಲ್ಲಿ ತಯಾರಿಸಿದ ಮೈಕಾ ಸಿಗುತ್ತದೆ, ಬೆಲೆ ಹೆಚ್ಚು. ಮಿಂಚನ್ನೇ ಕೈಬಿಟ್ಟು ಅರಿಶಿನ, ಮಂಜಿಷ್ಠದ ಬಣ್ಣಕ್ಕೆ ತೃಪ್ತರಾದ ತಯಾರಕರೂ ಇದ್ದಾರೆ. ನಾನು ಕೊಳ್ಳುವುದಾದರೆ ಅವರ ಬಳಿ.