ಏಚನ ಅಪರಾಧ: ಬೆಳತೂರಿನ ಶಾಸನದಲ್ಲಿ ಕೊಲೆ ಮತ್ತು ಸಂಕಲ್ಪ

ಹುಣಸೂರು, ಗುರುಪುರಗಳಿಂದ ದಕ್ಷಿಣಕ್ಕೆ ಹೆಗ್ಗಡದೇವನಕೋಟೆಯ ಸೀಮೆಯಲ್ಲಿರುವ ಬೆಳತೂರಿನ ಶಿಲಾಶಾಸನವು ಕನ್ನಡ ಸಾಹಿತ್ಯಾಭ್ಯಾಸಿಗಳಿಗೆ ಸುಪರಿಚಿತವಾದುದು. ಶಕವರ್ಷ 979ರ, ಎಂದರೆ ಕ್ರಿ. ಶ. 1057ರ, ಈ ಶಾಸನವನ್ನು ರೈಸ್ ಸಾಹೇಬರು 1898ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಪ್ರಕಟಿಸಿದರು. ನುಗುನಾಡಿನ ರವಿಗನ ಮಗಳಾದ ದೇಕಬ್ಬೆಯು ಪತಿಯ ಮರಣವಾರ್ತೆಯನ್ನು ಕೇಳಿ, ತಾಯಿತಂದೆಗಳು ತಡೆದರೂ ನಿಲ್ಲದೆ ಅಗ್ನಿಪ್ರವೇಶ ಮಾಡಿದಳೆಂಬುದೇ ಇದರ ವಸ್ತು. ಪಂಡಿತರ ದೃಷ್ಟಿಯು ಸಹಜವಾಗಿಯೇ ಅವಳ ಕಡೆಗೆ ಹರಿದಿದೆ. ಆದರೆ ಆ ಪತಿಯು ಸತ್ತುದು ರೋಗದಿಂದಲೂ ಅಲ್ಲ, ಯುದ್ಧದಲ್ಲಿಯೂ ಅಲ್ಲ, ರಾಜದಂಡದಿಂದ. ಈ ಅಂಶಕ್ಕೆ ಸಲ್ಲಬೇಕಾದಷ್ಟು ವಿಮರ್ಶೆಯು ಸಂದಿಲ್ಲ.

ನವಿಲೆನಾಡಿನ ಒಡೆಯನಾದ ಏಚನು ಮಲ್ಲಯುದ್ಧದಲ್ಲಿ ದಾಯಿಗನೊಬ್ಬನನ್ನು ಕೊಂದನೆಂದೂ, ಅದಕ್ಕಾಗಿ ಅರಸನ ಆಜ್ಞೆಯಂತೆ ಅವನನ್ನು ತಲಕಾಡಿಗೆ ಒಯ್ದು ವಧಿಸಿದರೆಂದೂ ಶಾಸನದ ಕಥೆಯನ್ನು ವಿದ್ವಾಂಸರು ಗ್ರಹಿಸಿದ್ದಾರೆ. ಆ ಕಾಲದಲ್ಲಿ ತಲಕಾಡು ಚೋಳರ ವಶದಲ್ಲಿದ್ದು ರಾಜರಾಜಪುರವೆಂಬ ಹೆಸರನ್ನು ಹೊತ್ತಿತ್ತು; ಹೊಯ್ಸಳ ವಿಷ್ಣುವರ್ಧನನು ಅದನ್ನು ಗೆದ್ದುಕೊಳ್ಳುವುದಕ್ಕೆ ಇನ್ನೂ ಸುಮಾರು ಅರುವತ್ತು ವರ್ಷಗಳಿದ್ದುವು. ನಾಡಿನ ಒಡೆಯನೊಬ್ಬನನ್ನು ಅವನ ನಾಡಿನಲ್ಲಿಯೇ ದಂಡಿಸದೆ ಅಷ್ಟು ದೂರ ಒಯ್ದುದನ್ನು ನೋಡಿದರೆ, ಪ್ರಾಣದಂಡನೆಯು ನಾಡಿನ ಗಾವುಂಡರ ಕೈಯಲ್ಲಿರಲಿಲ್ಲವೆಂದು ಊಹಿಸಬಹುದು.

ಇಲ್ಲಿ ಒಂದು ಶಂಕೆಯು ಏಳುತ್ತದೆ. ಮಲ್ಲಯುದ್ಧವೆಂಬುದು ಇಬ್ಬರೂ ಒಪ್ಪಿ ಅಖಾಡಕ್ಕೆ ಇಳಿಯುವ ಕ್ರೀಡೆ. ಅದರಲ್ಲಿ ಒಬ್ಬನು ಸತ್ತರೆ ಉಳಿದವನು ಕೊಲೆಗಡುಕನೇ? ಕೊಂದನೆಂಬ ಮಾತ್ರದಿಂದ ತಲೆ ಹೋಗಬೇಕೇ? ಪ್ರಾಚೀನರು ಕೃತ್ಯವನ್ನಷ್ಟೇ ಕಂಡರು, ಕರ್ತೃವಿನ ಸಂಕಲ್ಪವನ್ನು ಕಾಣಲಿಲ್ಲವೆಂದು ಹೇಳಿಬಿಡುವುದು ಸುಲಭ. ಆದರೆ ಅದು ಸರಿಯಲ್ಲ. ಚೋಳರ ಆಳ್ವಿಕೆಯ ತಮಿಳು ಶಾಸನಗಳಲ್ಲಿಯೇ ಇದಕ್ಕೆ ವಿರುದ್ಧವಾದ ಸಾಕ್ಷ್ಯವಿದೆ. ಬೇಟೆಯಲ್ಲಿ ಬಿಟ್ಟ ಬಾಣವು ಗುರಿತಪ್ಪಿ ಮನುಷ್ಯನಿಗೆ ತಗುಲಿ ಅವನು ಸತ್ತಾಗ, ಸಭೆಯವರೂ ನಾಡವರೂ ನೆರೆದು ವಿಚಾರಿಸಿ, ಇದು ಬುದ್ಧಿಪೂರ್ವಕವಾದುದಲ್ಲವೆಂದು ನಿಶ್ಚಯಿಸಿ, ಅವನ ಪ್ರಾಣವನ್ನು ತೆಗೆಯದೆ ದೇವಾಲಯದಲ್ಲಿ ನಂದಾದೀಪವನ್ನು ಇಡಿಸಿದ ಪ್ರಸಂಗಗಳು ಹಲವಿವೆ. ಒಂದು ನಂದಾದೀಪಕ್ಕೆ ಆ ಕಾಲದಲ್ಲಿ ಅನೇಕವೇಳೆ ಬಿಡುತ್ತಿದ್ದುದು 96 ಕುರಿಗಳು. ಬಡವನಿಗೆ ಇದೇನೂ ಹಗುರವಾದ ದಂಡವಲ್ಲ.

ಕರ್ನಾಟಕದ ಧರ್ಮಶಾಸ್ತ್ರವೂ ಈ ಭೇದವನ್ನು ಅರಿತಿತ್ತು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಆತತಾಯಿಯ ವಿಚಾರವನ್ನು ಎತ್ತಿಕೊಂಡು, ಕೊಲ್ಲುವ ಉದ್ದೇಶವಿಲ್ಲದೆ ಆತ್ಮರಕ್ಷಣೆಗಾಗಿ ತಡೆಯುವಾಗ ಎದುರಾಳಿಯು ಪ್ರಮಾದದಿಂದ ಸತ್ತರೆ ಲಘುವಾದ ಪ್ರಾಯಶ್ಚಿತ್ತವು ಸಾಕೆಂದೂ, ಅಲ್ಲಿ ರಾಜದಂಡವಿಲ್ಲವೆಂದೂ ವಿವರಿಸುತ್ತಾನೆ. ಏಚನಿಗೆ ಈ ವ್ಯಾಖ್ಯಾನವು ಒದಗುವಂತಿರಲಿಲ್ಲ, ಅದು ಅವನ ತರುವಾಯದ್ದು. ಆದರೆ ಇಚ್ಛಾಪೂರ್ವಕವಾದ ಪಾಪಕ್ಕೂ ಅನಿಚ್ಛೆಯದಕ್ಕೂ ಭೇದವೆಣಿಸುವ ಸ್ಮೃತಿವಾಕ್ಯಗಳು ಬಹು ಹಳೆಯವು.

ಹಾಗಾದರೆ ಅವನಿಗೆ ದೀಪದ ದಂಡವು ಏಕೆ ದೊರೆಯಲಿಲ್ಲ? ‘ದಾಯಿಗ’ ಎಂಬ ಶಬ್ದದಲ್ಲಿಯೇ ಒಂದು ಸುಳಿವಿದೆ. ಮಡಿದವನು ಜ್ಞಾತಿ, ಆಸ್ತಿಗೆ ಪಾಲುಗಾರ. ದಾಯಾದಿಮತ್ಸರವೆಂಬುದು ನಮ್ಮ ನಾಡಿನಲ್ಲಿ ಗಾದೆಯಷ್ಟು ಹಳೆಯದು. ಕಾಳಗವು ಕ್ರೀಡೆಯ ವೇಷದಲ್ಲಿ ನಡೆದ ಹಗೆಯೆಂದು ರಾಜಪುರುಷರು ಎಣಿಸಿರಬಹುದು. ಆದರೂ ಹಗೆಯೆಂಬುದು ಪ್ರೇರಣೆ, ಸಂಕಲ್ಪವಲ್ಲ. ಹಗೆಯಿದ್ದವನೂ ಅಕಸ್ಮಾತ್ತಾಗಿ ಕೊಲ್ಲಬಹುದು, ಹಗೆಯಿಲ್ಲದವನೂ ಬೇಕೆಂದೇ ಕೊಲ್ಲಬಹುದು. ತಲಕಾಡಿನವರು ಇವೆರಡನ್ನು ಬೇರ್ಪಡಿಸಿ ನೋಡಿದರೆಂಬುದಕ್ಕೆ ಕಲ್ಲಿನಲ್ಲಿ ಆಧಾರವಿಲ್ಲ. ಕಲ್ಲು ನೆಟ್ಟುದು ದೇಕಬ್ಬೆಗಾಗಿ, ತೀರ್ಪಿಗಾಗಿ ಅಲ್ಲ.

ಮೆಕಾಲೆಯ 1837ರ ಕರಡಿನಿಂದ ಬೆಳೆದು 1860ರಲ್ಲಿ ಶಾಸನವಾಗಿ 1862ರ ಜನವರಿ 1ರಿಂದ ಜಾರಿಗೆ ಬಂದ ಇಂಡಿಯನ್ ಪೀನಲ್ ಕೋಡಿನ ಮುಂದೆ ಏಚನನ್ನು ನಿಲ್ಲಿಸಿದರೆ ವಿಚಾರಣೆಯ ದಾರಿಯೇ ಬೇರೆ. ಅದರ 87ನೆಯ ಕಲಮಿನಂತೆ, ಹದಿನೆಂಟು ವರ್ಷ ಮೀರಿದವನು ಒಪ್ಪಿಕೊಂಡ ಆಟದಲ್ಲಿ, ಸಾವನ್ನಾಗಲಿ ಘೋರವಾದ ಗಾಯವನ್ನಾಗಲಿ ಉದ್ದೇಶಿಸದೆ, ಅದು ಸಂಭವಿಸುವುದೆಂಬ ಅರಿವೂ ಇಲ್ಲದೆ ಮಾಡಿದ ಹಾನಿಯು ಅಪರಾಧವಲ್ಲ. ಆ ಕಲಮಿನ ಉದಾಹರಣೆಯೇ ಕತ್ತಿವರಸೆಯದು. ಪಟ್ಟುಹಾಕಿ ಕೆಡವಿದಾಗ ಕತ್ತು ಮುರಿದಿದ್ದರೆ ಏಚನು ನಿರ್ದೋಷಿ. ಬಿದ್ದವನು ಸೋಲನ್ನೊಪ್ಪಿದ ಮೇಲೂ ಗಂಟಲನ್ನು ಅದುಮಿದ್ದರೆ ಆ ಒಪ್ಪಿಗೆಯು ಅವನನ್ನು ಕಾಯದು; ಆಗ 299, 300ನೆಯ ಕಲಮುಗಳಂತೆ ಸಂಕಲ್ಪವೇನು, ಅರಿವೆಷ್ಟು ಎಂದು ಅಳೆಯಬೇಕು. ಒಂದೇ ಪಟ್ಟು, ಒಂದೇ ಶವ; ಕೈ ಸಡಿಲಿಸದ ಆ ಒಂದು ನಿಮಿಷವೇ ನಿರ್ದೋಷಿಗೂ ಗಲ್ಲಿಗೂ ನಡುವಣ ಅಂತರ. 2024ರ ಜುಲೈ 1ರಿಂದ ಹಳೆಯ ಕೋಡಿನ ಸ್ಥಾನದಲ್ಲಿ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಈ ವಿವೇಚನೆಯು 25, 100, 101ನೆಯ ಕಲಮುಗಳಲ್ಲಿ ಹಾಗೆಯೇ ಉಳಿದಿದೆ.

ಇನ್ನು ದೇಕಬ್ಬೆಯ ಮರಣ. ಸಹಗಮನವನ್ನು ಬಂಗಾಳದಲ್ಲಿ 1829ರಲ್ಲಿ ನಿಷೇಧಿಸಿದಾಗ, ಚಿತೆಗೆ ನೆರವಾದವರನ್ನು ನರಹತ್ಯೆಯ ಅಪರಾಧಿಗಳೆಂದು ಗಣಿಸಲಾಯಿತು. 1987ರ ಕೇಂದ್ರ ಕಾನೂನು ಅದರ ವೈಭವೀಕರಣವನ್ನೂ ದಂಡನೀಯವೆಂದಿತು. ಈ ದೃಷ್ಟಿಯಿಂದ ಶಾಸನವನ್ನು ಓದಿದರೆ, ಅವಳ ಧೈರ್ಯವನ್ನು ಬೆಳಗಿಸಲೆಂದು ಕವಿಯು ಹೇಳಿದ ತಾಯಿತಂದೆಗಳ ಪ್ರತಿಭಟನೆಯು ಬೇರೊಂದು ಬೆಲೆಯನ್ನು ಪಡೆಯುತ್ತದೆ. ಹನ್ನೊಂದನೆಯ ಶತಮಾನದ ನುಗುನಾಡಿನಲ್ಲಿ ಮಗಳನ್ನು ಬೆಂಕಿಗೆ ಬಿಡಲೊಲ್ಲದೆ ಬೇಡಿಕೊಂಡವರಿದ್ದರು. ಅವರ ಮಾತು ಕಲ್ಲಿನಲ್ಲಿ ಉಳಿದಿದೆ.