ಮಾರಿಷಸ್‌ನ ಇತಿಹಾಸ ಮತ್ತು ಜನತೆ

ಮಾರಿಷಸ್ ಹಿಂದೂ ಮಹಾಸಾಗರದಲ್ಲಿ ಮಡಗಾಸ್ಕರ್‌ನ ಪೂರ್ವಕ್ಕಿರುವ ದ್ವೀಪರಾಷ್ಟ್ರ. ಇದರ ರಾಜಧಾನಿ ಪೋರ್ಟ್ ಲೂಯಿ. ಈ ದ್ವೀಪಕ್ಕೆ ಮೂಲನಿವಾಸಿಗಳಿಲ್ಲ. ಇಂದಿನ ಜನರೆಲ್ಲರೂ ಕಳೆದ ನಾಲ್ಕು ಶತಮಾನಗಳಲ್ಲಿ ಹೊರಗಿನಿಂದ ಬಂದವರ ಸಂತತಿಯವರು. ಅವರ ಪೂರ್ವಿಕರಲ್ಲಿ ಹೆಚ್ಚಿನವರು ಗುಲಾಮರಾಗಿ ಇಲ್ಲವೆ ಕರಾರಿನ ಕೂಲಿಗಳಾಗಿ ತರಲ್ಪಟ್ಟವರೇ ಹೊರತು ಇಚ್ಛೆಪಟ್ಟು ಬಂದವರಲ್ಲ.

1598ರಲ್ಲಿ ಬಂದಿಳಿದ ಡಚ್ಚರು ತಮ್ಮ ರಾಜಕುಮಾರ ಮಾರಿಸ್‌ನ ಹೆಸರನ್ನು ದ್ವೀಪಕ್ಕಿಟ್ಟರು. 1638ರಲ್ಲಿ ನೆಲೆಸಿ, 1710ರಲ್ಲಿ ಬಿಟ್ಟುಹೋದರು. ಹಾರಲಾರದ ಡೋಡೊ ಪಕ್ಷಿ ನಿರ್ನಾಮವಾದುದು ಅವರ ಕಾಲದಲ್ಲಿಯೇ. 1715ರಲ್ಲಿ ಫ್ರೆಂಚರು ದ್ವೀಪವನ್ನು ವಶಪಡಿಸಿಕೊಂಡು 'ಐಲ್ ದ ಫ್ರಾನ್ಸ್' ಎಂದು ಕರೆದರು.

ಮೈಸೂರಿನೊಂದಿಗೆ ಸಂಬಂಧ

ಕರ್ನಾಟಕದ ಇತಿಹಾಸದಲ್ಲಿ ಈ ದ್ವೀಪಕ್ಕೆ ಸಣ್ಣದಲ್ಲದ ಪಾತ್ರವಿದೆ. ಆಂಗ್ಲರ ವಿರುದ್ಧ ಫ್ರೆಂಚರ ನೆರವು ಕೋರಿ ಟಿಪ್ಪು ಸುಲ್ತಾನನು ಕಳುಹಿಸಿದ ದೂತರು 1798ರ ಜನವರಿಯಲ್ಲಿ ಇಲ್ಲಿಗೆ ತಲುಪಿದರು. ಗುಟ್ಟಾಗಿ ನಡೆಯಬೇಕಿದ್ದ ಮಾತುಕತೆಯನ್ನು ಗವರ್ನರ್ ಮಾಲಾರ್ತಿಕ್ ಜನವರಿ 30ರಂದು ಘೋಷಣಾಪತ್ರದ ಮೂಲಕ ಬಹಿರಂಗಪಡಿಸಿ, ಟಿಪ್ಪುವಿನ ಸೇವೆಗೆ ಸ್ವಯಂಸೇವಕರನ್ನು ಆಹ್ವಾನಿಸಿದನು. ಏಪ್ರಿಲ್‌ನಲ್ಲಿ ಮಂಗಳೂರಿಗೆ ಬಂದಿಳಿದವರು ಸುಮಾರು ನೂರು ಮಂದಿ ಮಾತ್ರ. ದೊರೆತ ನೆರವು ಅತ್ಯಲ್ಪ. ತೆರಬೇಕಾಗಿ ಬಂದ ಬೆಲೆಯೋ ರಾಜ್ಯವೇ. ಘೋಷಣೆಯ ಪ್ರತಿ ಕಲ್ಕತ್ತೆಗೆ ತಲುಪಿದಾಗ ಗವರ್ನರ್ ಜನರಲ್ ವೆಲ್ಲೆಸ್ಲಿ ಅದನ್ನೇ ಯುದ್ಧಕ್ಕೆ ಕಾರಣವಾಗಿ ಮುಂದೊಡ್ಡಿದನು. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನಗೊಂಡು ಟಿಪ್ಪು ಮಡಿದನು. ಆಗ ಅಲ್ಲಿನ ಸೆರೆಯಿಂದ ಹೊರಬಂದವರಲ್ಲಿ ಚನ್ನಗಿರಿಯಲ್ಲಿ ಜನಿಸಿದ ಧೋಂಡಿಯ ವಾಘ್ ಒಬ್ಬನು. ಶಿಕಾರಿಪುರ, ಹೊನ್ನಾಳಿಗಳ ಸೀಮೆಯಲ್ಲಿ ದಂಡು ಕಟ್ಟಿ ಆಂಗ್ಲರನ್ನು ಎದುರಿಸಿದ ಈತನು 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಹತನಾದನು.

ಕಬ್ಬು ಮತ್ತು ಕರಾರು ಕೂಲಿ

1810ರಲ್ಲಿ ದ್ವೀಪವು ಬ್ರಿಟಿಷರ ವಶವಾಯಿತು. ಫ್ರೆಂಚ್ ನೆಲಸಿಗರ ಭಾಷೆ, ಧರ್ಮ, ಕಾನೂನುಗಳನ್ನು ಉಳಿಸುವ ಭರವಸೆ ನೀಡಲಾಗಿದ್ದುದರಿಂದ, ಒಂದೂವರೆ ಶತಮಾನದ ಬ್ರಿಟಿಷ್ ಆಳ್ವಿಕೆಯ ನಂತರವೂ ಜನರ ಆಡುನುಡಿ ಫ್ರೆಂಚ್ ಮೂಲದ ಕ್ರಿಯೋಲ್ ಆಗಿಯೇ ಉಳಿದಿದೆ.

1835ರಲ್ಲಿ ಗುಲಾಮಗಿರಿ ರದ್ದಾಯಿತು. ಕಬ್ಬಿನ ತೋಟಗಳಿಗೆ ಆಳುಗಳು ಬೇಕಿದ್ದುದರಿಂದ ಭಾರತದತ್ತ ಕಣ್ಣು ಹೊರಳಿತು. 1834ರ ನವೆಂಬರ್ 2ರಂದು 'ಅಟ್ಲಾಸ್' ಹಡಗಿನಲ್ಲಿ 36 ಕೂಲಿಗಳು ಬಂದರು. ಮುಂದಿನ ಸುಮಾರು ಎಂಟು ದಶಕಗಳಲ್ಲಿ ಬಂದವರ ಸಂಖ್ಯೆ ನಾಲ್ಕೂವರೆ ಲಕ್ಷದಷ್ಟು. ಇವರಲ್ಲಿ ಭೋಜಪುರಿ ಮಾತಾಡುವವರೇ ಅಧಿಕ. ತಮಿಳರು, ತೆಲುಗರು, ಮರಾಠಿಗರೂ ಇದ್ದರು. ಅವರು ಬಂದಿಳಿದ ಆಪ್ರವಾಸಿ ಘಾಟ್ 2006ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಓಡಿಹೋದ ಗುಲಾಮರು ಅಡಗಿದ್ದ ಲೆ ಮೋರ್ನ್ ಬೆಟ್ಟಕ್ಕೆ ಅದೇ ಮನ್ನಣೆ ದೊರೆತುದು 2008ರಲ್ಲಿ.

ಸ್ವಾತಂತ್ರ್ಯಾನಂತರ

1968ರ ಮಾರ್ಚ್ 12ರಂದು ದೇಶವು ಸ್ವತಂತ್ರವಾಯಿತು. ಸರ್ ಶಿವಸಾಗರ ರಾಮಗುಲಾಮ್ ಪ್ರಧಾನಿಯಾದರು. 1992ರಲ್ಲಿ ಗಣರಾಜ್ಯವಾಯಿತು. ಆದರೆ 1965ರಲ್ಲಿಯೇ ಬ್ರಿಟನ್ ಚಾಗೋಸ್ ದ್ವೀಪಗಳನ್ನು ಮಾರಿಷಸ್‌ನಿಂದ ಬೇರ್ಪಡಿಸಿತ್ತು. ಅಲ್ಲಿನ ನಿವಾಸಿಗಳನ್ನು 1973ರ ವೇಳೆಗೆ ಸಂಪೂರ್ಣವಾಗಿ ಹೊರಸಾಗಿಸಿ, ಡಿಯಾಗೊ ಗಾರ್ಸಿಯಾದಲ್ಲಿ ಅಮೆರಿಕದ ಸೇನಾನೆಲೆಗೆ ಎಡೆಮಾಡಿಕೊಡಲಾಯಿತು. ಈ ಬೇರ್ಪಡಿಸುವಿಕೆ ಕಾನೂನುಬಾಹಿರವೆಂದು ಅಂತರರಾಷ್ಟ್ರೀಯ ನ್ಯಾಯಾಲಯವು 2019ರಲ್ಲಿ ಅಭಿಪ್ರಾಯಪಟ್ಟಿತು.